ಗರಿ ಹೊದಿಸದ ಗೋಡೆ

ಐವತ್ತರ ದಶಕದ ಗುಂಡ್ಲುಪೇಟೆಯಲ್ಲಿ ನಮಗೂ ಪಕ್ಕದ ಸಾಬರ ಮನೆಗೂ ಹಿತ್ತಲು ಒಂದೇ ಆಗಿತ್ತು. ಒಮ್ಮೆ ಮೆರವಣಿಗೆಯೊಂದರಲ್ಲಿ ಎರಡು ಕೋಮಿನವರಿಗೂ ಹೊಡೆದಾಟವಾಯಿತು. ಆಮೇಲೆ ಎರಡೂ ಕಡೆಯ ಹಿರಿಯರು ಕೂತು ಮಾತಾಡಿ, ಹಿತ್ತಲ ನಡುವೆ ಆಳೆತ್ತರದ ಮಣ್ಣಿನ ಗೋಡೆ ಹಾಕಿಸಿದರು. ಹೊಡೆದಾಟ ನಡೆದದ್ದು ಪೇಟೆಬೀದಿಯಲ್ಲಿ, ಗೋಡೆ ಎದ್ದದ್ದು ನಮ್ಮ ನುಗ್ಗೆಮರದ ಬುಡದಲ್ಲಿ. ಇದು ಯಾವ ನ್ಯಾಯವೋ ನನಗೆ ಇಂದಿಗೂ ತಿಳಿದಿಲ್ಲ.

ಮಣ್ಣಿನ ಗೋಡೆಯ ನೆತ್ತಿಗೆ ತೆಂಗಿನ ಗರಿ ಹೊದಿಸದಿದ್ದರೆ ಅದು ಮಳೆಗೆ ಕರಗಿಹೋಗುತ್ತದೆ. ಅರ್ಧ ಗೋಡೆಗೆ ನಾವು, ಉಳಿದರ್ಧಕ್ಕೆ ಅವರು ಹೊದಿಸಬೇಕೆಂದು ಮಾತಾಗಿತ್ತು. ಅಪ್ಪ ಗರಿ ತಂದು ಹಾಕಿದರು. ಅವ್ವ ಅದನ್ನು ಹೆಣೆದು, ಕಟ್ಟು ಕಟ್ಟಿ, ಮೂಲೆಗಿಟ್ಟಳು. ಅಪ್ಪ ಕೇಳಿದಾಗಲೆಲ್ಲ, "ಪುರ್ಸೊತ್ತಾಗ್ಲಿ, ಒದಿಸ್ತೀನಿ" ಎನ್ನುತ್ತಿದ್ದಳು. ಗುಡಿಸಿದ ಹಿತ್ತಲನ್ನೇ ಮತ್ತೆ ಗುಡಿಸಲು ಮಾತ್ರ ಅವಳಿಗೆ ಪುರಸೊತ್ತಿತ್ತು.

ಚಿತ್ತಾ ಮಳೆ ಮೂರು ದಿನ ಬಿಡದೆ ಹೊಡೆಯಿತು. ನಾಲ್ಕನೆಯ ಬೆಳಗ್ಗೆ ನೋಡಿದರೆ ಗೋಡೆ ಕುಸಿದು ಮೊಣಕಾಲೆತ್ತರದ ಕೆಸರಾಗಿತ್ತು. ನಮ್ಮ ಅರ್ಧವೂ ಇಲ್ಲ, ಅವರ ಅರ್ಧವೂ ಇಲ್ಲ. ಆಚೆ, ಸಾಬರ ಮನೆಯ ಬೂಬಮ್ಮ ನಿಂತಿದ್ದರು. ಅವರ ಹಿಂದೆ, ಸೂರಿನಡಿ, ಹೆಣೆದ ಗರಿಯ ಕಟ್ಟು ಕಟ್ಟಿದಂತೆಯೇ ಒರಗಿತ್ತು.

ಅವ್ವ ಅದನ್ನೇ ನೋಡಿದಳು. ಗೋಡೆ ಎದ್ದ ಮೇಲೆ ಅವರಿಬ್ಬರ ನಡುವೆ ಅದೇ ಮೊದಲ ಮಾತು.

"ಯಾಕಕ್ಕ, ನೀವೂ ಒದಿಸ್ನಿಲ್ವಾ?"

"ಎಲ್ಲಿ ಕಣಮ್ಮಿ," ಎಂದರು ಬೂಬಮ್ಮ, "ಪುರ್ಸೊತ್ತೇ ಆಗ್ನಿಲ್ಲ."