ಗದ್ದೆ ನಡುವಿನ ಕಲ್ಲವ್ವ

ತೊಂಬತ್ತರ ದಶಕದಲ್ಲಿ ನಾನು ಪಾಂಡವಪುರದ ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದೆ. ಹಡಗು ಹತ್ತಿ ಹೋದ ಬಿಳಿಯರು ಅಮೆರಿಕದಲ್ಲಿ ಏನು ಮಾಡಿದರು, ಆಸ್ಟ್ರೇಲಿಯಾದಲ್ಲಿ ಏನು ಮಾಡಿದರು, ಹೋಲಿಸಿ ಬರೆಯಿರಿ ಎಂಬ ಪ್ರಶ್ನೆ ಪರೀಕ್ಷೆಗೆ ತಪ್ಪದೆ ಬರುತ್ತಿತ್ತು. ಒಂದು ಕಡೆ ಅಲ್ಲಿಯ ಜನರ ಜೊತೆ ಒಪ್ಪಂದ ಮಾಡಿಕೊಂಡು ಮುರಿದರು. ಇನ್ನೊಂದು ಕಡೆ ಇದು ಯಾರ ನೆಲವೂ ಅಲ್ಲ ಎಂದು ಒಪ್ಪಂದದ ಗೊಡವೆಗೇ ಹೋಗಲಿಲ್ಲ. ಪಾಠ ಮಾಡುವಾಗ ಸಿಟ್ಟು ನೆತ್ತಿಗೇರುತ್ತಿತ್ತು. ಮನೆಗೆ ಬಂದೂ ಅದನ್ನೇ ಒದರುತ್ತಿದ್ದೆ. ಅಜ್ಜಿ ಎಲೆ ಅಡಿಕೆ ಜಗಿಯುತ್ತಾ ಕೇಳುತ್ತಿದ್ದಳು: "ನಾವೂ ಬಂದೋರೇ ಅಲ್ವೇನ್ಲಾ, ಮೇಷ್ಟ್ರೇ?"

ಬಂದವರೇ. ಅಣೆಕಟ್ಟೆಯ ನೀರಿನಲ್ಲಿ ನಮ್ಮ ಹಳೆಯ ಊರು ಮುಳುಗಿದಾಗ ಅಜ್ಜಿ ಹೊಸ ಸೊಸೆ. ಗಾಡಿಯಲ್ಲಿ ಪಾತ್ರೆ ಪಗಡ ಹೇರಿಕೊಂಡು ಈ ಬಯಲಿಗೆ ಬಂದರು. ಇಲ್ಲಿ ಗೆಣಸು ಅಗೆದುಕೊಂಡು, ಆಡು ಮೇಯಿಸಿಕೊಂಡು ಒಂದಷ್ಟು ಜನ ಮೊದಲೇ ಇದ್ದರು. ನಾವು ಉಳಲು ಶುರುಮಾಡಿದ ಮೇಲೆ ಅವರು ಗುಡ್ಡದ ಮಗ್ಗುಲಿಗೆ ಸರಿದರು, ಊರವರ ಬಾಯಲ್ಲಿ 'ಗುಡ್ಡದೋರು' ಆದರು. ಅವರ ದೇವರು ಮಾತ್ರ ನಮ್ಮ ಗದ್ದೆಯ ನಡುವೆ, ಹೊಂಗೆ ಮರದ ಬುಡದಲ್ಲೇ ಉಳಿಯಿತು. ಮೊಣಕಾಲೆತ್ತರದ ಕಲ್ಲು, ಹೆಸರು ಕಲ್ಲವ್ವ. ಅವರಲ್ಲಿ ಮಗು ಹುಟ್ಟಿದರೆ ಬರಿಮೈಯಲ್ಲಿ ಆ ಕಲ್ಲಿನ ಮುಂದೆ ಮಣ್ಣಿನ ಮೇಲೆ ಮಲಗಿಸಿ ಹೆಸರಿಡಬೇಕು. ಅಲ್ಲಿಯತನಕ ಮಗುವಿಗೆ ಹೆಸರಿಲ್ಲ. ಅವತ್ತು ಹಂಚುವ ಬೆಲ್ಲ ನಮ್ಮ ಮನೆಯದು.

ಒಂದು ವರ್ಷ ಕಬ್ಬು ಭರ್ಜರಿಯಾಗಿ ಬಂತು. ಎಲ್ಲ ಕಲ್ಲವ್ವನ ದಯೆ ಎಂದು ಅಪ್ಪ ಅವಳಿಗೆ ಗುಡಿ ಕಟ್ಟಿಸಿದ. ಸುತ್ತ ಗೋಡೆ, ನೆಲಕ್ಕೆಲ್ಲ ಟೈಲ್ಸು, ದನ ನಾಯಿ ನುಗ್ಗದಿರಲೆಂದು ಕಬ್ಬಿಣದ ಬಾಗಿಲು, ಅದಕ್ಕೊಂದು ಬೀಗ. ನನಗೆ ಮೈಯುರಿದುಹೋಯಿತು. "ಗುಡ್ಡದೋರನ್ನ ಒಂದು ಮಾತು ಕೇಳಿದ್ಯಾ?" ಅಂದೆ.

"ದೇವ್ರಿಗೆ ಒಳ್ಳೇದ್ ಮಾಡಾಕೆ ಯಾರ್ನ ಕೇಳ್ಬೇಕ್ಲಾ?" ಅಂದ ಅಪ್ಪ. ಪಾಪ, ಅವನ ಮನಸ್ಸಿನಲ್ಲಿ ಭಕ್ತಿ ಬಿಟ್ಟು ಬೇರೇನೂ ಇರಲಿಲ್ಲ.

ಕಬ್ಬು ಕಡಿದ ಮೇಲೆ ಗುಡ್ಡದ ಮುದುಕಿಯೊಬ್ಬಳು ಬಾಣಂತಿ ಮೊಮ್ಮಗಳನ್ನೂ ಎಳೆಗೂಸನ್ನೂ ಕರೆದುಕೊಂಡು ಬಂದಳು. ಅಪ್ಪ ಸಂಭ್ರಮದಿಂದ ಓಡಿಹೋಗಿ ಬೀಗ ತೆಗೆದ. ಮುದುಕಿ ಒಳಗೆ ಒಂದು ಕಾಲಿಟ್ಟು, ನೆಲ ನೋಡಿ, ಹಿಂದಕ್ಕೆ ಬಂದಳು.

"ಚೆಂದಾಗೈತೆ ಕಣಪ್ಪ. ಮಗಿನ ಮಲಗ್ಸಾಕೆ ಮಣ್ಣೆಲ್ಲೈತೆ?"

"ಬಟ್ಟೆ ಹಾಸಿ ಮಲಗ್ಸವ್ವ."

ಮುದುಕಿ ತಲೆಯಲ್ಲಾಡಿಸಿದಳು. ಬಾಣಂತಿ ಕೂಸಿಗೆ ಸೆರಗು ಹೊದಿಸಿ, "ನಡಿಯಜ್ಜಿ, ಹೋಗನ. ಹೆಸ್ರಿಲ್ದಿದ್ರೂ ಬೆಳೀತದೆ ಬುಡು" ಎಂದು ತಿರುಗಿದಳು. ನನಗೆ ಅಪ್ಪನನ್ನು ಬೈಯಬೇಕೆನಿಸಿತು, ಆದರೆ ಅವನ ಮುಖ ನೋಡಲಾಗಲಿಲ್ಲ.

ಅಷ್ಟರಲ್ಲಿ ಬದುವಿನ ಮೇಲೆ ಕೋಲೂರಿಕೊಂಡು ಬಂದಿದ್ದ ಅಜ್ಜಿ ಮುದುಕಿಯ ಕಡೆ ಕೈ ತೋರಿಸಿ ಅಪ್ಪನಿಗೆ ಹೇಳಿದಳು: "ಲೇ ಮಗ, ಇಲ್ಲಿಗೆ ಬಂದ ಮರುವರ್ಸ ನೀನು ಹುಟ್ದೆ. ನಮ್ ದೇವ್ರು ನೀರಲ್ಲಿ ಮುಳುಗೋಗಿತ್ತು. ಯಾರ ಮುಂದೆ ಹೆಸ್ರಿಡ್ಲಿ ಅಂತ ನಾನು ಅಳ್ತಾ ಕುಂತಿದ್ದೆ. ಇವಳವ್ವ ಬಂದು, 'ನಮ್ಮ ಕಲ್ಲವ್ವ ಇಲ್ವಾ, ಕೊಡು' ಅಂತ ನಿನ್ನ ಎತ್ಕಂಡೋಗಿ ಇಲ್ಲೇ ಮಲಗ್ಸುದ್ಳು. ನಿನ್ ಹೆಸ್ರು ಈ ಮಣ್ಣಲ್ಲೇ ಇಟ್ಟಿದ್ದು ಕಣ್ಲಾ."

ಇದು ಅಪ್ಪನಿಗೂ ಗೊತ್ತಿರಲಿಲ್ಲ, ನನಗೂ. ನೆಲ ಬಿಟ್ಟುಕೊಟ್ಟು ಸರಿದವರು ಜೊತೆಗೆ ದೇವರನ್ನೂ ಹಂಚಿಕೊಂಡಿದ್ದರು. ಅಮೆರಿಕ, ಆಸ್ಟ್ರೇಲಿಯಾಗಳ ಪಕ್ಕದಲ್ಲಿ ನಮ್ಮದನ್ನು ಎಲ್ಲಿ ಬರೆಯಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ. ನಾನು ಆ ಜನರ ಋಣದಲ್ಲಿದ್ದೇನೆ ಎಂಬುದಷ್ಟು ಗೊತ್ತು.

ಅಪ್ಪ ಪಂಪ್‌ಸೆಟ್ ಮನೆಯಿಂದ ಹಾರೆ ತಂದು ಟೈಲ್ಸು ಕಿತ್ತ. ಚೂರುಗಳನ್ನು ನಾನು ಬಾಂಡ್ಲಿಯಲ್ಲಿ ಹೊತ್ತು ಹಾಕಿದೆ. ಬಾಗಿಲನ್ನೂ ಕಳಚಿದೆವು. ಒಳಗೆ ತಣ್ಣಗಿನ ಮಣ್ಣು ಕಂಡಿತು. ಮುದುಕಿ ಅದನ್ನು ಅಂಗೈಯಿಂದ ಸವರಿ, ಕೂಸನ್ನು ಮಲಗಿಸಿ, ಕಿವಿಯಲ್ಲಿ ಹೆಸರು ಹೇಳಿದಳು. ಕೂಸು ಸೀನಿತು, ಆಮೇಲೆ ಜೋರಾಗಿ ಅತ್ತಿತು. ಬಾಣಂತಿ ನಕ್ಕಳು.

ಅಜ್ಜಿ ಮಡಿಲಲ್ಲಿ ತಂದಿದ್ದ ಬೆಲ್ಲದ ಅಚ್ಚನ್ನು ಕೊಟ್ಟಳು. ಮುದುಕಿ ಅದನ್ನು ಕಲ್ಲವ್ವನ ಮುಂದೆ ಒಡೆದು, ಮೊದಲ ಚೂರನ್ನು ಅಪ್ಪನ ಕಡೆ ಚಾಚಿದಳು.

"ಮೊದ್ಲು ಬಾಣಂತಿಗೆ ಕೊಡವ್ವ" ಅಂದ ಅಪ್ಪ.

"ಇಲ್ಲ ಕಣಪ್ಪ. ನಮ್ಮಲ್ಲಿ ಬಂದೋರಿಗೆ ಮೊದ್ಲು."

ಬುದ್ಧಿ ಬಂದಾಗಿನಿಂದ ಆ ಗದ್ದೆಯನ್ನು ತನ್ನದೆಂದೇ ಉತ್ತಿದ್ದ ಅಪ್ಪ, ಹಾರೆ ಕೆಳಗಿಟ್ಟು, ಎರಡೂ ಕೈ ಒಡ್ಡಿ ಇಸಿದುಕೊಂಡ.