ಬ್ರೇಕ್ ಕೆಲಸ ಬಿಟ್ಟ ಮೆಕ್ಯಾನಿಕ್

ಕಳೆದ ಮಂಗಳವಾರ ಬೆಳಿಗ್ಗೆ ಹೊಸಕೆರೆಹಳ್ಳಿ ಸಿಗ್ನಲ್‌ನಲ್ಲಿ ನನ್ನ ಸಣ್ಣ ಕಾರಿನ ಬ್ರೇಕ್ ಕಿರುಗುಟ್ಟಿತು. ಪ್ಯಾಡ್ ಸವೆದಿತ್ತು. ಆ ಚೂಪು ಶಬ್ದ ಕೇಳಿದ ಮೇಲೆ ಆಫೀಸು ತಲುಪುವವರೆಗೂ ನಮ್ಮ ಹಳೆಯ ಮೆಕ್ಯಾನಿಕ್ ನೆನಪಾಗುತ್ತಲೇ ಇದ್ದರು...

ಆಗ ನಾನು ಪದ್ಮನಾಭನಗರದಲ್ಲಿದ್ದೆ. ಎರಡು ಬೀದಿ ಆಚೆ, ಶೀಟ್ ಹೊದಿಸಿದ ಷೆಡ್ಡಿನಲ್ಲಿ ಅವರ ಗ್ಯಾರೇಜು, ಹಿಂದೆಯೇ ಮನೆ. ಬ್ರೇಕ್ ಕೆಲಸಕ್ಕೆ ಅವರೇ ಆಗಬೇಕೆಂದು ಜೆಪಿ ನಗರದಿಂದಲೂ ಜನ ಬರುತ್ತಿದ್ದರು. ಹೊಸ ಪ್ಯಾಡ್ ಕೂರಿಸಿದ ಮೇಲೆ ಕಾರನ್ನು ರಿಂಗ್ ರಸ್ತೆಗೆ ಒಯ್ದು ಹತ್ತು ಸಲ ಬ್ರೇಕ್ ಒತ್ತಿ ನೋಡದೆ ಕೀ ಕೊಡುತ್ತಿರಲಿಲ್ಲ. ಪ್ಯಾಡಿನ ಕ್ಲಿಪ್ಪು ಕೂದಲೆಳೆಯಷ್ಟು ಬಾಗಿದರೂ ಚಕ್ರದೊಳಗಿನ ಡಿಸ್ಕಿಗೆ ಉಜ್ಜುತ್ತದೆ, ಅದು ಕಿವಿಗೇ ಗೊತ್ತಾಗಬೇಕು ಎನ್ನುತ್ತಿದ್ದರು.

ಆ ಸುತ್ತಾಟಕ್ಕೆ ಅವರ ಹೆಂಡತಿಯೂ ತಪ್ಪದೆ ಬರುತ್ತಿದ್ದರು, ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಕೈಯಲ್ಲಿ ಬಟ್ಟೆ ಚೀಲ, ಹೂವು ತರುವ ನೆಪ.

“ನಮ್ಮನೆಯೋಳಿಗೆ ನಿಮ್ ಕಾರಲ್ಲೇ ಮೆರವಣಿಗೆ ಸಾರ್,” ಎಂದು ಮೆಕ್ಯಾನಿಕ್ ನಗುತ್ತಿದ್ದರು.

“ಊರೋರ ಕಾರೆಲ್ಲ ಓಡ್ಸಿದ್ರಿ, ಮನೆಗೊಂದ್ ತಂದ್ರಾ?” ಎಂದು ಅಕ್ಕ ಹಿಂದಿನ ಸೀಟಿನಿಂದ ಕುಟುಕುತ್ತಿದ್ದರು. ಒಮ್ಮೊಮ್ಮೆ ಗಂಡನ ಭುಜಕ್ಕೆ ಬೆರಳು ಮುಟ್ಟಿಸುತ್ತಿದ್ದರು. ನಿಧಾನ ಹೋಗಿ ಎನ್ನುತ್ತಿದ್ದಾರೆಂದು ನಾನು ತಿಳಿದಿದ್ದೆ.

ಒಂದು ವರ್ಷ ಅಕ್ಕ ಮಗಳ ಬಾಣಂತನಕ್ಕೆಂದು ಚನ್ನಪಟ್ಟಣಕ್ಕೆ ಹೋದರು. ಆಗಲೇ ನನ್ನ ಕಾರಿಗೆ ಹೊಸ ಪ್ಯಾಡ್ ಬಿತ್ತು. ರಿಂಗ್ ರಸ್ತೆಯಲ್ಲಿ ಅವರು ಬ್ರೇಕ್ ಒತ್ತಿದರು.

“ಬೆಣ್ಣೆ ಸಾರ್, ಬೆಣ್ಣೆ!”

“ಕೀರ್ ಅಂತಿದ್ಯಲ್ಲ ಅಣ್ಣ?”

ಮತ್ತೆ ಒತ್ತಿದರು. ಈ ಸಲ ಅವರು ರಸ್ತೆ ನೋಡಲಿಲ್ಲ, ನನ್ನ ಮುಖ ನೋಡಿದರು.

“ಎಡಾನಾ, ಬಲಾನಾ?”

ನನಗೆ ಅರ್ಥವಾಯಿತು. ಎಡ ಚಕ್ರಕ್ಕೆ ಎಡ ಭುಜ, ಬಲ ಚಕ್ರಕ್ಕೆ ಬಲ ಭುಜ... ಅಷ್ಟು ವರ್ಷ ಕೇಳಿಸಿಕೊಳ್ಳುತ್ತಿದ್ದವರು ಅಕ್ಕ. ಅಣ್ಣನಿಗೆ ಮಾತು ಕೇಳಿಸುತ್ತಿತ್ತು, ಈ ಚೂಪು ಶಬ್ದ ಮಾತ್ರ ಇಲ್ಲ.

ಕಾರನ್ನು ಪಕ್ಕಕ್ಕೆ ನಿಲ್ಲಿಸಿದರು. “ಅವಳು ಹೋದ್ಮೇಲೆ ಇನ್ನೂ ಮೂರು ಕಾರಿಗೆ ಪ್ಯಾಡ್ ಹಾಕಿ ಕಳ್ಸಿದ್ದೀನಿ ಸಾರ್. ನೀವು ಬಂದು ಒಂಚೂರು ಕೂತ್ಕೋತೀರಾ?”

ನನ್ನ ಕಾರಿನ ಕ್ಲಿಪ್ ಸರಿಮಾಡಿದ ಮೇಲೆ ಆಫೀಸಿಗೆ ತಡವಾಗುತ್ತದೆಂದು ಫೋನ್ ಮಾಡಿ ಅವರೊಂದಿಗೆ ಹೋದೆ. ಮೊದಲ ಕಾರು ಗಿರಿನಗರದಲ್ಲಿ, ಸರಿಯಿತ್ತು. ಎರಡನೆಯದರ ಮಾಲೀಕರು ನಕ್ಕರು. “ಏನ್ ಗುರು, ಮನೆ ಬಾಗಿಲಿಗೇ ಬಂದ್ಬಿಟ್ರಿ?” ಅದೂ ಸರಿಯಿತ್ತು. ಮೂರನೆಯದು ಟ್ಯೂಷನ್ ಹೇಳಿಕೊಡುವ ಟೀಚರೊಬ್ಬರದು. ಬೀದಿಯ ಕೊನೆಯಲ್ಲಿ ಅಣ್ಣ ಬ್ರೇಕ್ ಒತ್ತಿದಾಗ ನಾನು ಹಿಂದಿನಿಂದ ಅವರ ಬಲ ಭುಜ ಮುಟ್ಟಿದೆ.

ಮನೆ ಮುಂದೆಯೇ ಚಕ್ರ ಬಿಚ್ಚಿದರು. ಡಿಸ್ಕಿನ ಸುತ್ತ ಗೀರು ಬಿದ್ದು ಹಳ್ಳವಾಗಿತ್ತು. ಅವರು ಎದ್ದು ನಿಂತು, “ತಪ್ಪು ನಂದೇ ಮೇಡಂ. ಈ ಥರ ಸೌಂಡು ನಂಗೆ ಕೇಳ್ಸಲ್ಲ,” ಎಂದರು. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಟೀಚರ್ ಕೂಗಾಡಲಿಲ್ಲ. “ಮಕ್ಳನ್ನ ಕೂರಿಸ್ಕೊಂಡು ಓಡಾಡ್ತೀನಿ ಅಣ್ಣ,” ಎಂದಷ್ಟೇ ಅಂದರು.

ಅಣ್ಣ ಹೊಸ ಡಿಸ್ಕ್ ತಂದು ಹಾಕಿಕೊಟ್ಟರು. ಮರುದಿನ ಗ್ಯಾರೇಜಿನ ಬೋರ್ಡಿನಲ್ಲಿದ್ದ ‘ಬ್ರೇಕ್’ ಎಂಬ ಪದದ ಮೇಲೆ ತಾವೇ ಬಣ್ಣ ಬಳಿದರು. ಅಕ್ಕ ವಾಪಸು ಬಂದು, “ನಾನಿದ್ದೀನಲ್ಲ” ಎಂದು ಎಷ್ಟೋ ಹೇಳಿದರಂತೆ, ಅಣ್ಣ ಒಪ್ಪಲಿಲ್ಲ. ಆಯಿಲ್ ಬದಲಿಸಲು ಬರುವವರೂ ಕಡಿಮೆಯಾದರು. ಒಂದು ದಿನ ಹೋದಾಗ ಷೆಡ್ಡಿಗೆ ಬೀಗ ಹಾಕಿತ್ತು. ಹೇಳಿಹೋಗಿರಲಿಲ್ಲ... ನಾನೂ ವಿಚಾರಿಸಲಿಲ್ಲ.

ಮಂಗಳವಾರ ಸಂಜೆ ಹಳೆಯ ನಂಬರಿಗೆ ಕರೆ ಮಾಡಿದೆ. ಅಕ್ಕ ತೆಗೆದರು. ಅಣ್ಣ ಈಗ ಚನ್ನಪಟ್ಟಣದಲ್ಲಿ ಮಗಳ ಮನೆಯ ಪಕ್ಕ ಪಂಕ್ಚರ್ ಅಂಗಡಿ ಇಟ್ಟಿದ್ದಾರೆ. ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುವ ಕೆಲಸ. ಅವರಿಗೆ ಫೋನ್ ಕೊಡಲೇ ಎಂದು ಅಕ್ಕ ಕೇಳಲಿಲ್ಲ. ಎರಡು ವರ್ಷದಿಂದ ಅಣ್ಣನಿಗೆ ಮಾತೂ ಕೇಳಿಸುತ್ತಿಲ್ಲವಂತೆ.