ಮಾತು ಕಲಿಸುವ ಕೆಲಸ

ಮೊದಲು ಬಂದಿದ್ದು ತಲೆನೋವು.

ಹೆರಿಗೆಯಾಗಿ ಎರಡನೇ ವಾರ. ಸಿಂಧಘಟ್ಟದ ತವರುಮನೆಯಲ್ಲಿ ಬಾಣಂತನ. ಕಡುಬೇಸಿಗೆಯಲ್ಲಿ ಕಿಟಕಿ ಮುಚ್ಚಿ, ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಬಿಗಿದು ಅವ್ವ ನನ್ನನ್ನು ಉಪ್ಪಿನಕಾಯಿಯ ಹಾಗೆ ಇಟ್ಟಿದ್ದಳು. ಮೆಣಸಿನ ಸಾರು, ಬೆಳ್ಳುಳ್ಳಿ, ಬಿಸಿ ಅನ್ನ. ನೀರು ಮಾತ್ರ ಇಲ್ಲ. ಬೇಡಿದರೆ ಲೋಟದ ತಳದಲ್ಲಿ ಗುಟುಕು ಬಿಸಿನೀರು.

"ಅಸಿಮೈಲಿ ನೀರು ಕುಡುದ್ರೆ ಹೊಟ್ಟೆ ಬಂದ್ಬುಡ್ತದೆ ಕಣವ್ವ. ಮಗೀಗೆ ಸೀತ ಆಯ್ತದೆ. ತಡ್ಕೊ."

ಹೊಣಕೆರೆ ಹತ್ತಿರದ ನನ್ನ ಗಂಡನ ಊರಿನಲ್ಲಿ ನಾನು ಅಂಗನವಾಡಿ ಟೀಚರ್. ಬಾಣಂತಿಯರಿಗೆ ಚೆನ್ನಾಗಿ ನೀರು ಕೊಡಿ ಎಂದು ಮನೆಮನೆಗೆ ಹೋಗಿ ಹೇಳುತ್ತಿದ್ದವಳು. ಅವ್ವನಿಗೂ ಹೇಳಿದೆ. "ನಿನ್ ಮಿಸ್ಸುಗಿರಿ ನಿಮ್ಮೂರಲ್ಲಿಟ್ಕೊ" ಎಂದಳು. ಅವಳ ಪ್ರೀತಿಯ ಮುಂದೆ ಯಾರ ವಾದವೂ ನಡೆಯುವುದಿಲ್ಲ.

ತಲೆನೋವು ಮೂರು ದಿನ ಬಿಡಲಿಲ್ಲ. ಮೂರನೆಯ ಬೆಳಿಗ್ಗೆ ಮಗು ಅತ್ತಿತು. ಎತ್ತಿಕೊಳ್ಳಲು ಹೋದೆ. ಬಲಗೈ ಏಳಲಿಲ್ಲ. ಅವ್ವನನ್ನು ಕರೆಯಲು ಬಾಯಿ ತೆರೆದೆ.

ಏನೂ ಬರಲಿಲ್ಲ.

ಮೈಸೂರಿನ ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿದರು. ಮೆದುಳಿನ ರಕ್ತನಾಳದಲ್ಲಿ ಕ್ಲಾಟ್. "ಬಾಣಂತಿಗೆ ನೀರು ಎಷ್ಟು ಕೊಡ್ತಿದ್ರಿ?" ಎಂದು ಡಾಕ್ಟರ್ ಕೇಳಿದರು. ಅವ್ವ ಹೆಮ್ಮೆಯಿಂದಲೇ ಹೇಳಿದಳು, "ಕೊಡ್ತಿರ್ಲಿಲ್ಲ ಸಾಮಿ. ಪಥ್ಯ ಕಟ್ಟುನಿಟ್ಟಾಗಿ ಮಾಡ್ಸಿವ್ನಿ."

ಹೆರಿಗೆಯಾದ ಹೊಸದರಲ್ಲಿ ರಕ್ತ ಸುಲಭವಾಗಿ ಹೆಪ್ಪುಗಟ್ಟುತ್ತದೆ, ನೀರು ಕಡಿಮೆಯಾದರೆ ಇನ್ನೂ ಬೇಗ ಎಂದು ಡಾಕ್ಟರ್ ಬಿಡಿಸಿ ಹೇಳಿದರು. ಅವ್ವನ ಮುಖ ಕಪ್ಪಿಟ್ಟಿತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬೈಯುವುದಕ್ಕೂ ಮಾತು ಬೇಕಲ್ಲ.

ಗಂಡನ ಮನೆಗೆ ಮರಳುವ ಹೊತ್ತಿಗೆ ಕೈ ಅರ್ಧ ವಾಪಸು ಬಂದಿತ್ತು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಎಡಗೈಯಲ್ಲಿ ಮೊಬೈಲಿನ ಮೇಲೆ ಬರೆಯುವುದೂ ನಿಧಾನವಾಗಿ ಕೂಡಿಬಂತು. ಇದನ್ನು ಬರೆಯುತ್ತಿರುವುದೂ ಹಾಗೆಯೇ. ಮಾತೊಂದು ಬರಲಿಲ್ಲ. ಸ್ಪೀಚ್ ಥೆರಪಿಗೆಂದು ಮೈಸೂರಿನ ಬಸ್ಸಿನಲ್ಲಿ ಹೋಗುವಾಗ ಪಾಂಡವಪುರ, ಶ್ರೀರಂಗಪಟ್ಟಣದ ಬೋರ್ಡುಗಳನ್ನು ಸದ್ದಿಲ್ಲದೆ ತುಟಿಯಲ್ಲಿ ಓದುತ್ತಿದ್ದೆ. "ಬತ್ತದೆ ಬುಡು" ಎನ್ನುತ್ತಿದ್ದರು ನನ್ನ ಯಜಮಾನರು. ಬರಬರುತ್ತಾ ಅವರೂ ಹಾಗೆನ್ನುವುದನ್ನು ನಿಲ್ಲಿಸಿದರು.

ಮಗಳು ತನ್ವಿ ನನ್ನ ಮುಖವನ್ನೇ ನೋಡುತ್ತಿದ್ದಳು. ಮಗು ನಮ್ಮ ಬಾಯಿ ನೋಡಿ ಮಾತು ಕಲಿಯುತ್ತದೆ ಎಂದು ನಾನೇ ಊರಿಗೆಲ್ಲ ಹೇಳಿದ್ದೆ. ನನ್ನ ಬಾಯಿಂದ ಹೊರಡುತ್ತಿದ್ದುದು "ಬಾ ಬಾ" ಎಂಬ ಒಂದೇ ಸದ್ದು. ವರ್ಷ ತುಂಬಿ ಎಷ್ಟೋ ತಿಂಗಳಾದರೂ ಅವಳು ಒಂದು ಮಾತೂ ಆಡಲಿಲ್ಲ. ಇವಳೂ ನನ್ನಂತಾದರೆ ಎಂಬ ಭಯ ಹತ್ತಿತು.

ನನ್ನ ಜಾಗಕ್ಕೆ ಬಂದ ಹೊಸ ಟೀಚರ್ ಒಂದು ದಿನ ಮನೆ ಭೇಟಿಗೆ ಬಂದಳು. ಚಿಕ್ಕ ಹುಡುಗಿ. ಚಾಪೆಯ ಮೇಲೆ ಚಿತ್ರದ ಪುಸ್ತಕ ಬಿಚ್ಚಿಟ್ಟು ಪಾಠ ಒಪ್ಪಿಸಿದಳು. "ಮಗು ಜೊತೆ ಮಾತಾಡ್ತಾ ಇರ್ಬೇಕು ಅಕ್ಕ. ಕತೆ ಹೇಳಿ, ಹಾಡು ಹೇಳಿ, ಚಿತ್ರ ತೋರ್ಸಿ ಹೆಸ್ರು ಹೇಳಿ." ಎಲ್ಲಾ ನನ್ನದೇ ಮಾತುಗಳು. ಹೇಳಿ ಮುಗಿಸಿದ ಮೇಲೆ ಪಾಪ, ನಾಲಿಗೆ ಕಚ್ಚಿಕೊಂಡಳು. ನಾನು ನಕ್ಕೆ. ನಗು ಮಾತ್ರ ನನಗೆ ಸರಿಯಾಗಿ ಬರುತ್ತದೆ.

ನನ್ನನ್ನು ನೋಡಲು ಬಂದಿದ್ದ ಅವ್ವ ಅಲ್ಲೇ ಕೂತಿದ್ದಳು. ಪಕ್ಕದ ಮನೆಯಲ್ಲಿರುವ ನನ್ನ ವಾರಗಿತ್ತಿ ಗೀತಕ್ಕನೂ ಇದ್ದಳು. ಅವ್ವ ಅವಳಿಗೆ ನನ್ನೆದುರೇ ಹೇಳಿದಳು: "ಇವ್ಳತ್ರನೇ ಬುಟ್ರೆ ಅದೂ ಮೂಗಿ ಆಯ್ತದೆ. ನೀನಾರ ಎತ್ಕಂಡೋಗಿ ನೋಡ್ಕೊ ತಾಯಿ."

ನನ್ನ ಕಿವಿಗೆ ಏನೂ ಆಗಿಲ್ಲ ಎನ್ನುವುದನ್ನು ಎಲ್ಲರೂ ಮರೆಯುತ್ತಾರೆ.

ಗೀತಕ್ಕ ಒಳ್ಳೆಯವಳು. ಅದೇ ಕಷ್ಟ. "ನಿನ್ಗೆ ಮಾತು ಬರೋಗಂಟ ಅಷ್ಟೇಯ" ಎಂದು ಮಗುವನ್ನು ಎತ್ತಿಕೊಂಡಳು. ನಾನು ಬೇಡವೆನ್ನಬಹುದಿತ್ತು, ತಲೆ ಅಲ್ಲಾಡಿಸಲು ಬಾಯಿ ಬೇಕಿಲ್ಲ. ಅಲ್ಲಾಡಿಸಲಿಲ್ಲ. ಟೀಚರಾಗಿ ಯೋಚಿಸಿ ಕೊಟ್ಟೆ. ನನ್ನೊಳಗಿನ ತಾಯಿ ಆಮೇಲೆ ಅಡುಗೆಮನೆಯಲ್ಲಿ ಕೂತು ಅತ್ತಳು.

ಗೀತಕ್ಕನದು ಸೊಪ್ಪು ಬಿಡಿಸುತ್ತಾ ಮಾತು, ಹಸುವಿಗೆ ಹುಲ್ಲು ಹಾಕುತ್ತಾ ಮಾತು. ಡಬ್ಬದ ಮುಚ್ಚಳ, ಜೋಳದ ದಿಂಡು, ಮಣ್ಣು, ಕೈಗೆ ಸಿಕ್ಕಿದ್ದೆಲ್ಲ ಆಟದ ಸಾಮಾನು. ಸ್ವಲ್ಪ ದಿನಕ್ಕೇ ಗೋಡೆಯಾಚೆಯಿಂದ ತನ್ವಿಯ ಮೊದಲ ಮಾತು ಕೇಳಿತು.

"ಅಮ್ಮ."

ಕರೆದಿದ್ದು ಗೀತಕ್ಕನನ್ನು.

ಈಗ ತನ್ವಿಗೆ ಮೂರು ತುಂಬಿದೆ. ಅಂಗನವಾಡಿಗೆ ಹೋಗುತ್ತಾಳೆ. ಸಂಜೆ ನಮ್ಮ ಮನೆಗೆ ಆಡಲು ಬರುತ್ತಾಳೆ. ನನ್ನನ್ನು ಏನೆಂದೂ ಕರೆಯುವುದಿಲ್ಲ.

ಮೊನ್ನೆ ಟೀಚರ್ ಆಟ. ಅವಳು ಟೀಚರ್, ನಾನು ಮಗು. ಚಿತ್ರದ ಪುಸ್ತಕ ತೆರೆದು ಕಡ್ಡಿಯಿಂದ ತಟ್ಟಿದಳು. "ಇದೇನು? ಯೋಳು."

ಆನೆ. ನನಗೆ ಗೊತ್ತು. ಬಾಯಿ ತೆರೆದೆ, ಕೊರಳ ನರ ಉಬ್ಬಿಸಿದೆ. "ಬಾ... ಬಾ."

ಕಡ್ಡಿ ನನ್ನ ಕೈಮೇಲೆ ಬಿತ್ತು. "ಆನೆ! ಯೋಳು, ಆನೆ!"

ಮತ್ತೆ ಯತ್ನಿಸಿದೆ. ಮತ್ತೆ ಬಿತ್ತು. ಆಮೇಲೆ ಅವಳಿಗೆ ಬೇಜಾರಾಯಿತು. ಪುಸ್ತಕ ಬಿಸಾಕಿ, ಬಾಗಿಲಿಗೆ ಹೋಗಿ ಗೀತಕ್ಕನ ಮನೆಯತ್ತ ಕೂಗಿದಳು.

"ಅಮ್ಮಾ, ಇವ್ಳಿಗೆ ಏನೂ ಬರಕ್ಕಿಲ್ಲ. ನಾನು ಇನ್ಮೇಲೆ ಇವ್ಳ ಜೊತೆ ಆಡಕ್ಕಿಲ್ಲ!"

ಕೈ ಚುರುಗುಟ್ಟುತ್ತಿತ್ತು. ಕಣ್ಣು ತುಂಬಿತ್ತು. ನನ್ನೊಳಗಿನ ಟೀಚರ್ ಮಾತ್ರ ಕಿವಿಗೊಟ್ಟು ಕೇಳುತ್ತಿದ್ದಳು. ಎಷ್ಟುದ್ದದ ಮಾತು. ಎಲ್ಲೂ ತೊದಲಲಿಲ್ಲ, ತಡವರಿಸಲಿಲ್ಲ. ಕೋಪಕ್ಕೆ ತಕ್ಕ ದನಿ ಬೇರೆ. ನನ್ನ ಮಗಳು ನನ್ನಂತಾಗಲಿಲ್ಲ.

ಇಷ್ಟು ಸಾಕು ಎಂದು ಹೇಳಲಾರೆ. ಇಷ್ಟಾದರೂ ಸಿಕ್ಕಿತು.